ನರ್ಸ್ ಸುಂಕಮ್ಮನವರು ಹಿಡಿದ ನಾಡಿ

ಮಾನ್ಯ ಅಧ್ಯಕ್ಷರಾದ ಮರಿಬಸಪ್ಪನವರೇ, ಬಳ್ಳಾರಿಯಿಂದ ದಯಮಾಡಿಸಿರುವ ಡಾಕ್ಟರ್ ಸಾಹೇಬರೇ, ಇಂದು ನಾವು ಬೀಳ್ಕೊಡುತ್ತಿರುವ ನರ್ಸ್ ಸುಂಕಮ್ಮನವರೇ, ಚಾಪೆಯ ಮೇಲೆ ಕುಳಿತಿರುವ ತಾಯಂದಿರೇ, ನನ್ನ ಗರಡಿಯ ಪೈಲ್ವಾನರೇ, ಕುರುಗೋಡಿನ ಸಮಸ್ತ ಸಭಿಕರೇ,

ಹತ್ತು ವರ್ಷ ನಮ್ಮ ಊರಿನ ದವಾಖಾನೆಯಲ್ಲಿ ಸೇವೆ ಮಾಡಿದ ಸುಂಕಮ್ಮನವರು ನಾಳೆ ಸಿರುಗುಪ್ಪಕ್ಕೆ ವರ್ಗವಾಗಿ ಹೋಗುತ್ತಿದ್ದಾರೆ. ನಾಲ್ಕು ಮಾತಾಡಿ ಎಂದು ನನಗೆ ಅಪ್ಪಣೆಯಾಗಿದೆ. ಮಾತು ನನ್ನ ಕಸುಬಲ್ಲ. ನನ್ನ ಕಸುಬು ಕುಸ್ತಿ. ಬಳ್ಳಾರಿಯಲ್ಲಿ, ಆದವಾನಿಯಲ್ಲಿ, ರಾಯಚೂರಿನಲ್ಲಿ ಈ ಕೊಟ್ಟೂರಪ್ಪ ಉಸ್ತಾದನ ಶಿಷ್ಯರು ಮಣ್ಣು ಮುಟ್ಟಿಸದ ಪೈಲ್ವಾನ ಯಾರಿದ್ದಾನೆ? ಹೇಳಿ, ಯಾರಿದ್ದಾನೆ? ಇದನ್ನು ಜಂಬದಿಂದ ಹೇಳುತ್ತಿಲ್ಲ. ಸ್ವಲ್ಪ ಜಂಬವೂ ಇದೆ, ಇರಲಿ.

ಇಂಥ ನನ್ನನ್ನು ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಎದೆನೋವು ಚಿತ್ ಮಾಡಿತು. ಗರಡಿಯಲ್ಲಿ ಹುಡುಗರಿಗೆ ಪಟ್ಟು ತೋರಿಸುತ್ತಿದ್ದೆ. ಎದೆಯ ನಡುವೆ ಯಾರೋ ಮಂಡಿಯೂರಿ ಕುಳಿತ ಹಾಗಾಯಿತು. ರಾತ್ರಿ ತಿಂದ ಮೆಣಸಿನಕಾಯಿಯದೇ ಕೆಲಸ ಎಂದುಕೊಂಡು ಸೋಡಾ ತರಿಸಿ ಕುಡಿದೆ. ತೇಗು ಬಂತು, ನೋವು ಹೋಗಲಿಲ್ಲ. ಮಾಗಿಯ ಚಳಿಯಲ್ಲಿ ಮೈಯೆಲ್ಲ ತಣ್ಣನೆಯ ಬೆವರು. ಎಡಗೈ ಭಾರವಾಯಿತು, ದವಡೆಯವರೆಗೂ ನೋವು ಏರಿತು. ಆದರೂ ನಾನೇನು ಮಾಡಿದೆ? ಮೀಸೆ ತಿರುವಿ, 'ಏನೂ ಆಗಿಲ್ಲಲೇ, ವಾಯು ಹಿಡದೈತಿ' ಎಂದು ಮತ್ತೆ ಅಖಾಡಕ್ಕೆ ಇಳಿಯಲು ಹೊರಟೆ.

ನನ್ನ ಹೆಂಡತಿ ಅಂಬಮ್ಮ ನನ್ನನ್ನು ಕೇಳದೆ ದವಾಖಾನೆಗೆ ಓಡಿದಳು. ಸುಂಕಮ್ಮನವರು ಬಂದವರೇ ಮುಂಗೈ ಹಿಡಿದು ನಾಡಿ ನೋಡಿದರು.

'ಕೂಡ್ರಿ ಉಸ್ತಾದ್ರ. ಒಂದು ಹೆಜ್ಜಿ ಇಡಬ್ಯಾಡ್ರಿ.'

'ದವಾಖಾನಿಗೆ ನಾನ ನಡದು ಬರ್ತೀನಿ ಬಿಡವ್ವ. ಪೈಲ್ವಾನ ಅದೀನಿ.'

'ಗುಂಡಿಗಿಗೆ ಅದು ಗೊತ್ತಿಲ್ರಿ. ಈ ಸಲನಾದ್ರೂ ನನ್ನ ಮಾತು ಕೇಳ್ರಿ.'

ನಾನು ಕುಳಿತುಬಿಟ್ಟೆ. ಅರಳೆ ಹೇರಿಕೊಂಡು ಬಳ್ಳಾರಿಗೆ ಹೊರಟಿದ್ದ ಎರ್ರಣ್ಣನ ಲಾರಿಯನ್ನು ಅವರು ರಸ್ತೆಗೆ ಅಡ್ಡ ನಿಂತು ತಡೆದರು. ನನ್ನ ಶಿಷ್ಯರು ಮಂಚ ತಂದು, ಅದರ ಮೇಲೆಯೇ ನನ್ನನ್ನು ಹೊತ್ತು ಒಯ್ದು ಅರಳೆಯ ಮೇಲೆ ಒರಗಿಸಿದರು. ದಾರಿಯುದ್ದಕ್ಕೂ ಸುಂಕಮ್ಮನವರು ನನ್ನ ಮುಂಗೈ ಬಿಡಲಿಲ್ಲ. ನಾನು ಬಾಯಿ ತೆರೆದಾಗಲೆಲ್ಲ, 'ಮಾತಾಡಬ್ಯಾಡ್ರಿ' ಎಂದರು. ಐವತ್ತು ವರ್ಷದಲ್ಲಿ ನನ್ನ ಬಾಯಿ ಮುಚ್ಚಿಸಿದವರು ಅವರೊಬ್ಬರೇ ಎಂದು ನನ್ನ ಹೆಂಡತಿ ಇವತ್ತಿಗೂ ಹೇಳುತ್ತಾಳೆ.

ಬಳ್ಳಾರಿಯಲ್ಲಿ ಇದೇ ಡಾಕ್ಟರ್ ಸಾಹೇಬರು ಸೂಜಿ ಚುಚ್ಚಿ, ಆರು ವಾರ ಹಾಸಿಗೆ ಬಿಟ್ಟು ಏಳಕೂಡದು ಎಂದರು. ಚುಟ್ಟಾ ಬಿಡಿಸಿದರು. ಉಪ್ಪಿನಕಾಯಿ ಬಿಡಿಸಿದರು. ತುಪ್ಪದ ಗಡಿಗೆಗೆ ಅಂಬಮ್ಮ ಬೀಗ ಹಾಕಿದಳು. ಈಗ ದಿನಾ ಬೆಳಗ್ಗೆ ಕೆರೆಯ ತನಕ ನಿಧಾನವಾಗಿ ನಡೆದು ಬರುತ್ತೇನೆ. ಮೊದಮೊದಲು ನಾಚಿಕೆಯಾಗುತ್ತಿತ್ತು. ಈಗ ಎದೆ ಸೆಟೆಸಿಕೊಂಡೇ ನಡೆಯುತ್ತೇನೆ, ಇದು ಉಳಿದುಬಂದ ಎದೆ.

ಸಭಿಕರೇ, 'ಈ ಸಲನಾದ್ರೂ' ಎಂದರಲ್ಲ, ಆ ಮಾತು ನಿಮ್ಮ ಕಿವಿಗೆ ಬಿತ್ತೇ? ಅದನ್ನು ದಾಟಿ ಮುಂದೆ ಹೋಗಬೇಕೆಂದಿದ್ದೆ. ನನ್ನಿಂದ ಆಗುತ್ತಿಲ್ಲ.

ನನ್ನ ಅಣ್ಣ ಹೊನ್ನೂರಪ್ಪ ನಿಮಗೆಲ್ಲ ನೆನಪಿದ್ದಾನೆ. ನನಗಿಂತ ದೊಡ್ಡ ಪೈಲ್ವಾನ. ನಲವತ್ತಮೂರನೇ ಇಸವಿಯಲ್ಲಿ ಗರಡಿಯಲ್ಲೇ ತೀರಿಕೊಂಡ. ಪೈಲ್ವಾನನಿಗೆ ತಕ್ಕ ಸಾವು ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ನಾನೇ. ಅದು ಹಾಗಲ್ಲ. ಅದಕ್ಕೆ ಮುಂಚೆ ಎರಡು ದಿನ ಗುಡ್ಡ ಹತ್ತುವಾಗ ಅಣ್ಣ ಎದೆ ಹಿಡಿದುಕೊಂಡು ನಿಲ್ಲುತ್ತಿದ್ದ, ನಿಂತರೆ ಕಡಿಮೆಯಾಗುತ್ತಿತ್ತು. ಮೂರನೆಯ ದಿನ ಗರಡಿಯಲ್ಲಿ ಬೆವರಿ ಕುಳಿತುಬಿಟ್ಟ. 'ಎದಿ ಒತ್ತಾಕ ಹತ್ತೈತಿ ತಮ್ಮಾ' ಎಂದ. ನರ ಹಿಡಿದಿದೆ ಎಂದು ನಾನು ಎಣ್ಣೆ ಹಚ್ಚಿ ತಿಕ್ಕಿದೆ. ಮೈ ಬಿಸಿಯಾದರೆ ಬಿಡುತ್ತದೆ ಎಂದು ಬಸ್ಕಿ ಹೊಡೆಸಿದೆ.

ಆಗ ಹೊಸದಾಗಿ ಬಂದಿದ್ದ ಒಬ್ಬ ನರ್ಸಮ್ಮ ದಾರಿಯಲ್ಲಿ ಹೋಗುತ್ತಿದ್ದವರು ಬಾಗಿಲಲ್ಲಿ ನಿಂತರು. 'ಅಣ್ಣಾರ, ಅವರನ್ನ ಕೂಡಸ್ರಿ, ಬಸ್ಕಿ ಹೊಡಸಬ್ಯಾಡ್ರಿ. ಇದು ಗುಂಡಿಗಿ ಬ್ಯಾನಿ. ನಾ ಒಳಗ ಬಂದು ನಾಡಿ ನೋಡ್ಲೇನ್ರಿ?' ಎಂದರು.

ಅವರ ಕೇರಿ ಯಾವುದೆಂದು ನನಗೆ ಗೊತ್ತಿತ್ತು. 'ಒಳಗ ಕಾಲಿಟ್ಟೀಯ ನೋಡು! ಗರಡಿ ಮೈಲಿಗಿ ಆಕ್ಕೈತಿ' ಎಂದೆ. ಅವರು ಅಲ್ಲೇ ಬಾಗಿಲಾಚೆ ನಿಂತು, 'ನನ್ನ ಮುಟ್ಟಿಸಿಕೊಳ್ಳಬ್ಯಾಡ್ರಿ, ಅವರನ್ನ ಕೂಡಿಸರ ಕೂಡಸ್ರಿ' ಎಂದು ಬೇಡಿಕೊಂಡರು. ನಾನು ಎಣಿಕೆ ನಿಲ್ಲಿಸಲಿಲ್ಲ. ಹನ್ನೊಂದನೆಯ ಬಸ್ಕಿಗೆ ಅಣ್ಣ ಬಿದ್ದ.

ಕೂಡಿಸಿದ್ದರೆ ಬದುಕುತ್ತಿದ್ದನೇ? ಡಾಕ್ಟರ್ ಸಾಹೇಬರನ್ನು ಕೇಳಿದ್ದೇನೆ. ಹೇಳಲು ಬರುವುದಿಲ್ಲ ಎಂದರು. ನೀರು ಕೊಡಿ... ಸಾಕು.

ಇವತ್ತು ಬೆಳಗ್ಗೆ ಗಾದೆಮ್ಮ ಅತ್ತಿಗೆಯ ಮುಂದೆ ಕುಳಿತು ಇದನ್ನೆಲ್ಲ ಹೇಳಿದೆ. ಒಂಬತ್ತು ವರ್ಷ ಹೇಳಿರಲಿಲ್ಲ. ಅವರು ಅಕ್ಕಿ ಆರಿಸುವುದನ್ನು ನಿಲ್ಲಿಸಿದರು. ಮೊರ ಪಕ್ಕಕ್ಕಿಟ್ಟು, 'ಇದನ್ನ ಮನಿಯಾಗ ಹೇಳಿ ಮುಗಸಬ್ಯಾಡ ಕೊಟ್ಟೂರಾ. ಆಕಿಗೆ ಮಂದಿ ಮುಂದ ಹೇಳು' ಎಂದರು. ಹೇಳಿದ್ದೇನೆ. ಸುಂಕಮ್ಮನವರೇ, ಅಂದು ನಿಮ್ಮನ್ನು ಬಾಗಿಲಲ್ಲಿ ತಡೆದವನು ನಾನು. ಏಳು ವರ್ಷದ ಮೇಲೆ ಅದೇ ಬಾಗಿಲು ದಾಟಿ ಬಂದು ನನ್ನ ಕೈ ಹಿಡಿದವರು ನೀವು. ತಪ್ಪಾಯಿತು ತಾಯಿ.

ಗರಡಿಯ ಹುಡುಗರೇ, ಕಲ್ಲು ಎತ್ತುವ ಮೈಯಾದರೂ ಗುಂಡಿಗೆ ಒಂದೇ. ಎದೆ ಒತ್ತಿದರೆ, ತಣ್ಣಗೆ ಬೆವರಿದರೆ, ನೋವು ತೋಳಿಗೋ ದವಡೆಗೋ ಬೆನ್ನಿಗೋ ಹರಿದರೆ, ಕೂತಲ್ಲೇ ಉಸಿರು ಸಾಲದಾದರೆ, ಅಲ್ಲೇ ಕುಳಿತುಕೊಳ್ಳಿ. ತಿಕ್ಕಬೇಡಿ, ನಡೆಯಬೇಡಿ, ತಡಮಾಡಬೇಡಿ. ದವಾಖಾನೆಗೆ ಹೇಳಿಕಳಿಸಿ. ತಾಯಂದಿರೇ, ನಿಮಗೆ ಎದೆ ನೋಯದೆ ಬರೀ ಸುಸ್ತು, ವಾಕರಿಕೆ ಬಂದರೂ ಬರಬಹುದು ಎಂದು ಸುಂಕಮ್ಮನವರು ಹೇಳುತ್ತಾರೆ. ಒಲೆಯ ಮುಂದೆ ಸಹಿಸಿಕೊಂಡು ಕೂರಬೇಡಿ. ಕಳೆದ ಸುಗ್ಗಿಯಲ್ಲಿ ನನ್ನ ಶಿಷ್ಯ ಚಂದ್ರಣ್ಣ ಹೀಗೆಯೇ ತನ್ನ ತಂದೆಯ ಎದೆನೋವನ್ನು ಗುರುತಿಸಿ, ಅವರನ್ನು ಗಾಡಿಯಲ್ಲಿ ಮಲಗಿಸಿಕೊಂಡು ದವಾಖಾನೆಗೆ ಹೋದ. ಆ ಹಿರಿಯರು ಅಗೋ, ಕಂಬದ ಪಕ್ಕದಲ್ಲಿ ಕುಳಿತು ನಗುತ್ತಿದ್ದಾರೆ. ನನ್ನ ಶಿಷ್ಯರು ಗೆದ್ದ ಎಲ್ಲ ಕುಸ್ತಿಗಳಿಗಿಂತ ನನಗೆ ಇದರ ಹೆಮ್ಮೆಯೇ ಹೆಚ್ಚು.

ಇನ್ನು ಅಧ್ಯಕ್ಷರಲ್ಲಿ ಒಂದು ವಿನಂತಿ. ಸುಂಕಮ್ಮನವರಿಗೆ ನೀವು ಹಾರ ಹಾಕುವುದೆಂದು ಅಚ್ಚು ಹಾಕಿಸಿದ ಕಾಗದದಲ್ಲಿದೆ. ಆ ಹಾರವನ್ನು ನನ್ನ ಅತ್ತಿಗೆ ಹಾಕಲಿ. ಗಂಡ ಇಲ್ಲದವರು ಇಂಥ ಕೆಲಸಕ್ಕೆ ಮುಂದೆ ಬರಬಾರದು ಎಂದು ಯಾರಾದರೂ ಗೊಣಗಿದರೆ, ಅವರು ನಾಳೆ ಬೆಳಗ್ಗೆ ಗರಡಿಗೆ ಬಂದು ನನ್ನ ಮುಂದೆ ಗೊಣಗಲಿ.

ಅಧ್ಯಕ್ಷರು ತಲೆಯಾಡಿಸಿದರು, ಅವರಿಗೆ ನಾನು ಋಣಿ. ಡಾಕ್ಟರ್ ಸಾಹೇಬರಿಗೆ, ಲಾರಿ ನಿಲ್ಲಿಸಿದ ಎರ್ರಣ್ಣನಿಗೆ, ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ನನ್ನ ವಂದನೆಗಳು. ಅಗೋ, ಅತ್ತಿಗೆ ಎದ್ದರು. ತಾಯಂದಿರೇ, ಸ್ವಲ್ಪ ಸರಿದು ದಾರಿ ಬಿಡಿ. ಸುಂಕಮ್ಮನವರೂ ಎದ್ದು ಎದುರಿಗೆ ಬರುತ್ತಿದ್ದಾರೆ. ಇಲ್ಲಿ ಇನ್ನು ನನ್ನ ಮಾತಿಗೆ ಕೆಲಸವಿಲ್ಲ.

ನಮಸ್ಕಾರ.