ಗಂಡ ಬದುಕಿದ್ದಾಗಲೇ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ನನ್ನ ನಿವೃತ್ತಿಗೆಂದು ಶಾಲು ಹೊದಿಸಿದ ಹಳಿಯಾಳದ ಗೆಳೆಯರೇ, ಚಹಾ ಯಾವಾಗ ಬರುತ್ತದೆಂದು ಬಾಗಿಲು ನೋಡುತ್ತಿರುವ ಸಭಿಕರೇ,

ಮೂವತ್ತು ವರ್ಷ ಕನ್ನಡ ಕಲಿಸಿದವನು ಕೊನೆಯ ದಿನ ಒಂದು ಒಳ್ಳೆಯ ಪದದ ಬಗ್ಗೆ ಮಾತಾಡಬೇಕಿತ್ತು. ನಾನು ಕೆಟ್ಟದ್ದೊಂದನ್ನು ತಂದಿದ್ದೇನೆ. ರಂಡೆ. ಹಿಂದಿನ ಸಾಲಿನವರು ನಗಬೇಡಿ, ನಿಮ್ಮ ಮನೆಯಲ್ಲೂ ಈ ಪದ ಓಡಾಡುತ್ತದೆ. ಸಂಸ್ಕೃತದಿಂದ ಬಂದದ್ದು; ಮೂಲ ಅರ್ಥ ವಿಧವೆ, ಅಷ್ಟೇ. ಗಂಡ ಸತ್ತವಳು ಎನ್ನುವುದೇ ಬೈಗುಳವಾಯಿತಲ್ಲ, ಎಂಥ ಜನ ನಾವು?

ದಾಂಡೇಲಿಯ ಕಾಗದದ ಮಿಲ್ಲಿನಲ್ಲಿದ್ದ ನಮ್ಮಪ್ಪ ಶಂಕ್ರಪ್ಪ ಅವ್ವನನ್ನು ಬೇರೆ ಹೆಸರಿನಿಂದ ಕರೆದದ್ದೇ ಇಲ್ಲ. "ಏ ರಂಡಿ, ನೀರ ಕೊಡ." ಧಾರವಾಡದಲ್ಲಿ ಬಿ.ಎ. ಓದುತ್ತಿದ್ದ ನಾನು ರಜೆಗೆ ಬಂದಾಗ, ಜಾಣತನ ತೋರಿಸಲು, ಅವ್ವನಿಗೆ ಅರ್ಥ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಹೌದೇನೋ? ಹಂಗಾರ ತಾವು ಇಲ್ಲಂತ ತಾವ ದಿನಾ ಹೇಳಾಕತ್ತಾರ. ನಾನ ಕಿವಿಗೆ ಹಾಕ್ಕೊಂಡಿಲ್ಲ."

ಮರುದಿನ ಅಪ್ಪ ಕೂಗಿದಾಗ ಮೊದಲ ಸಲ "ಓ" ಎಂದಳು. ಬಳೆ ತೆಗೆದಿಟ್ಟಳು, ಕುಂಕುಮ ಒರೆಸಿಕೊಂಡಳು. ಸತ್ತ ಹಿರಿಯರಿಗೆ ಎಡೆ ಇಟ್ಟು, ಅವರು ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡಿ ಹೊರಗೆ ನಿಲ್ಲುತ್ತೇವಲ್ಲ? ಅಪ್ಪನ ತಾಟು ಇಟ್ಟು ಹಾಗೆಯೇ ಹೊರಗೆ ನಿಂತಳು. ಸಿಟ್ಟಿಲ್ಲ, ಅಳುವಿಲ್ಲ. ಅಪ್ಪ ಒಳಗಿನಿಂದ "ಮಾಲವ್ವಾ!" ಎಂದು ಹೆಸರು ಹಿಡಿದು ಕೂಗಿದ. ಅವ್ವ ನನ್ನ ಕೈ ಹಿಡಿದು, "ತಡಿ, ಉಣ್ಣಲಿ" ಎಂದಳು. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಆದರೂ ಯಾಕೋ ಅಪ್ಪ ತೆರೆಯಲಿಲ್ಲ. ನಾನೂ ತೆರೆಯಲಿಲ್ಲ, ತಾಯಿಯ ಮಾತು ಮೀರಬಾರದಲ್ಲವೇ? ಹನ್ನೊಂದು ದಿನ ಊಟದ ಹೊತ್ತಿಗೆ ಹೀಗೆಯೇ ನಡೆಯಿತು. ಹನ್ನೆರಡನೆಯ ದಿನ ಒಳಗಿನಿಂದ ದನಿ ಬರಲಿಲ್ಲ. ಹೋಗಿ ನೋಡಿದರೆ ಅಪ್ಪ ತಾಟಿನ ಮುಂದೆ ಒರಗಿದ್ದ, ಉಸಿರಿರಲಿಲ್ಲ. ವೈದ್ಯರು ಎದೆಯ ಕಾಯಿಲೆ ಎಂದು ಬರೆದುಕೊಟ್ಟರು.

ಇಷ್ಟೆಲ್ಲ ಕಂಡ ನಾನು ಆ ಪದ ಆಡಬಾರದಿತ್ತು. ಇಂದು ಬೆಳಿಗ್ಗೆ ಅಂಗಿಗೆ ಇಸ್ತ್ರಿ ಆಗಿಲ್ಲವೆಂದು ಸಿಟ್ಟಿನಲ್ಲಿ ಆಡಿಬಿಟ್ಟೆ. ನನ್ನ ಹೆಂಡತಿ ನಿರ್ಮಲಾ "ಓ" ಎಂದಳು.

ದಂಪತಿಗಳನ್ನು ಒಟ್ಟಿಗೇ ಸನ್ಮಾನಿಸುತ್ತೇವೆಂದು ಕಾರ್ಯಕ್ರಮ ನಡೆಸುತ್ತಿರುವ ಸಹನಾ ಮೇಡಂ ಆಗಲೇ ಕರೆದಾಗ, ಮೊದಲ ಸಾಲಿನಲ್ಲಿ ಕುಳಿತ ಆಕೆ ಏನೆಂದಳು, ನೀವೂ ಕೇಳಿದಿರಿ. "ಅವರ ಇಲ್ಲಲ್ರೀ, ನಾ ಒಬ್ಬಾಕಿ ಹೆಂಗ ಬರ್ಲಿ?" ತಮಾಷೆ ಎಂದುಕೊಂಡು ಚಪ್ಪಾಳೆ ತಟ್ಟಿದಿರಿ.

ನಿರ್ಮಲಾ, ತಪ್ಪಾತು. ಇಷ್ಟ ಮಂದಿ ಮುಂದ ಹೇಳಾಕತ್ತೇನಿ. ಒಂದ ಸಲ ಇತ್ತಾಗ ನೋಡ.

ಸಭಿಕರೇ, ಇಷ್ಟು ಹೊತ್ತು ಕೇಳಿದಿರಿ, ಉಪಕಾರವಾಯಿತು. ಆಕೆಯ ಪಕ್ಕದಲ್ಲಿ ಕುಳಿತವರು ಯಾರಾದರೂ, ನಾನು ಇಲ್ಲಿ ನಿಂತಿದ್ದೇನೆಂದು ಆಕೆಗೆ ಹೇಳಿರಿ. ನಮಸ್ಕಾರ.