ಹನುಮಂತ ಕಟ್ಟಿದ ಹಗ್ಗ

ಹೆಸರು: ವೇಣುಗೋಪಾಲ ಶಾಮರಾವ್ ಇನಾಮದಾರ. ವಯಸ್ಸು: 64. ಉದ್ಯೋಗ: ಕೇಂದ್ರ ಸರ್ಕಾರಿ ಕಚೇರಿಯ ನಿವೃತ್ತ ಗ್ರಂಥಪಾಲಕ. ವಾಸ: ಫ್ಲ್ಯಾಟ್ ನಂ. 7, ಎರಡನೇ ಮಹಡಿ, ಶರಯೂ ಅಪಾರ್ಟ್‌ಮೆಂಟ್, ನಾಗಪುರ. ಸ್ವಂತ ಊರು ಧಾರವಾಡ.

ಠಾಣಾಧಿಕಾರಿಗಳಿಗೆ ನನ್ನ ಕೈಯಾರೆ ಬರೆದು ತಿಳಿಸುವುದೇನೆಂದರೆ, ನಿನ್ನೆ ಶುಕ್ರವಾರ ಸಂಜೆ 7.10ಕ್ಕೆ ನಾನು ಕೊಟ್ಟ ದೂರಿನ ಮೇಲೆ ಗಾಜಿನ ಕೆಲಸದ ಹನುಮಂತನನ್ನು ತಾವು ಹಿಡಿದು ಇಟ್ಟುಕೊಂಡಿದ್ದೀರಿ. ಆ ದೂರಿನಲ್ಲಿ ಎರಡು ಮಾತು ಸುಳ್ಳು. ನಾನು ಹಿಂದಿಯಲ್ಲಿ ಹೇಳಿದ್ದನ್ನು ಮರಾಠಿಯಲ್ಲಿ ಬರೆದುಕೊಂಡದ್ದರಿಂದ ಆದ ತಪ್ಪಲ್ಲ. ತಾವು ಬರೋಬರ್ ಬರೆದಿದ್ದೀರಿ. ಈ ಸಲ ನನಗೆ ಆ ನೆಪವೂ ಇರಬಾರದೆಂದು ಕನ್ನಡದಲ್ಲೇ ಬರೆಯುತ್ತಿದ್ದೇನೆ.

ನಮ್ಮ ಹಾಲ್ ಮತ್ತು ಗ್ಯಾಲರಿಯ, ಅಂದರೆ ಬಾಲ್ಕನಿಯ, ನಡುವೆ ಸರಿಸುವ ಗಾಜಿನ ಬಾಗಿಲಿದೆ. 1987ರಲ್ಲಿ ಕೂರಿಸಿದ್ದು. ಎರಡು ಕದ, ತಲಾ ಏಳು ಅಡಿ ಎತ್ತರ. ಪ್ರತಿ ವರ್ಷ ಹೋಳಿಯಿಂದ ಮಳೆ ಬರುವ ತನಕ ಆ ಬಾಗಿಲನ್ನು ಎರಡು ಅಡಿ ತೆರೆದು, ಸಂದಿಗೆ ಕೂಲರ್ ಇಡುತ್ತೇವೆ. ಗ್ಯಾಲರಿಯ ಇಳಿಜಾರು ತಪ್ಪಿರುವುದರಿಂದ ಕೂಲರಿನ ನೀರು ಹೊರಗೆ ಹೋಗದೆ ಬಾಗಿಲಿನ ಹಳಿಯಲ್ಲಿ ನಿಲ್ಲುತ್ತದೆ. ಈ ಬಗ್ಗೆ ಸೊಸೈಟಿಯ ಕಾರ್ಯದರ್ಶಿಗೆ ಐದು ಪತ್ರ ಬರೆದಿದ್ದೇನೆ. ಮೊದಲನೆಯದು 11-4-1994ರದು. ಉತ್ತರ ಒಂದಕ್ಕೂ ಬಂದಿಲ್ಲ. ಇಷ್ಟೂ ನಿನ್ನೆಯ ದೂರಿನಲ್ಲಿದೆ. ಇದರಲ್ಲಿ ಒಂದಕ್ಷರವನ್ನೂ ನಾನು ಹಿಂತೆಗೆದುಕೊಳ್ಳುವುದಿಲ್ಲ.

ಗುರುವಾರ ಬೆಳಿಗ್ಗೆ 10.15ಕ್ಕೆ ಹನುಮಂತ ಬಂದ. ಬೀದರ ಕಡೆಯವನು, ಇಪ್ಪತ್ತು ವರ್ಷದಿಂದ ಇಲ್ಲೇ ಕೆಲಸ ಮಾಡುತ್ತಿದ್ದಾನೆ. ಕೂಲರನ್ನು ಹಿಂದಕ್ಕೆ ಎಳೆದು, ಬಾಗಿಲು ಮುಚ್ಚಿ ನೋಡಿದ. ಬಲಗಡೆಯ ಕದದ ಕೆಳಗೆ ಹಳಿ ಹದಿನಾಲ್ಕು ಇಂಚು ತಿಂದುಹೋಗಿತ್ತು, ಚಕ್ರಗಳು ತುಕ್ಕು ಹಿಡಿದಿದ್ದವು. ಚಕ್ರಗಳನ್ನು ಬಿಚ್ಚಿ, ಕದವನ್ನು ಎರಡು ಮರದ ತುಂಡುಗಳ ಮೇಲೆ ನಿಲ್ಲಿಸಿ, ಅದರ ಹಿಡಿಯನ್ನು ಕಿಟಕಿಯ ಸರಳಿಗೆ ನೀಲಿ ನೈಲಾನ್ ಹಗ್ಗದಿಂದ ಬಿಗಿದ. ಹೊಸ ಹಳಿ ಶನಿವಾರ ತರುವುದಾಗಿ ಹೇಳಿದ.

ಹೋಗುವಾಗ ಅವನು, "ಸಾಹೇಬ್ರ, ಇದು ಈಗ ಬಾಗಲಾ ಅಲ್ಲ, ಬರೇ ನಿಂತ ಗಾಜು. ಶನಿವಾರ ತನಕಾ ಮುಟ್ಟಬ್ಯಾಡ್ರಿ, ಕೂಲರ್ ಎರಡು ದಿನ ಬಂದ್" ಎಂದ. ನನ್ನ ಹೆಂಡತಿ ಪ್ರಭಾ ನಗುತ್ತ, "ಇವರಿಗೆ ಇನ್ನೊಮ್ಮೆ ಹೇಳೋ ಹನುಮಂತ. ಹದಿನಾರು ವರ್ಷದ್ದು ನೆನಪಿಡ್ತಾರ, ನಿನ್ನೀದು ಮರೀತಾರ" ಎಂದಳು. ಅವನು ಇನ್ನೊಮ್ಮೆ ಹೇಳಿದ.

ಹಗ್ಗ ಕಟ್ಟದೆ, ಎಚ್ಚರಿಕೆ ಹೇಳದೆ ಹೋದನೆಂದು ನಾನು ಬರೆಸಿದ್ದು ಮೊದಲ ಸುಳ್ಳು.

ಶುಕ್ರವಾರ ಮಧ್ಯಾಹ್ನ ಸೆಕೆ ಬಹಳವಿತ್ತು. ಕಾರ್ಯದರ್ಶಿಗೆ ಆರನೇ ಪತ್ರ ಬರೆಯುತ್ತಿದ್ದೆ. ಬೆವರು ಕಾಗದದ ಮೇಲೆ ಬಿದ್ದು ಶಾಯಿ ಹರಡಿತು. ಎರಡು ಸಲ ಕಾಗದ ಬದಲಾಯಿಸಿದೆ. ಬಾಗಿಲು ಸರಿಸಿ ಕೂಲರ್ ಹಚ್ಚೋಣವೆಂದು 3.16ಕ್ಕೆ ಎದ್ದು ಹಗ್ಗದ ಗಂಟಿಗೆ ಕೈ ಹಾಕಿದೆ. ಬಿಚ್ಚಿದ ಹಗ್ಗವನ್ನು ಜೇಬಿಗೆ ಹಾಕಿಕೊಂಡು, ಕುಕ್ಕರಗಾಲಲ್ಲಿ ಕುಳಿತು ಬಲಗಡೆಯ ಮರದ ತುಂಡನ್ನು ಎಳೆದೆ. ಪ್ರಭಾ ಅಡುಗೆಮನೆಯಿಂದ, ಅಂದರೆ ಹನ್ನೊಂದು ಅಡಿ ದೂರದಿಂದ, "ಏನ್ ಮಾಡ್ಲಿಕತ್ತೀರಿ? ಬಿಡ್ರಿ ಅದನ್ನ!" ಎಂದು ಕೂಗುತ್ತ ಬಂದಳು. ಕದ ನನ್ನ ಕಡೆಗೆ ವಾಲುತ್ತಿತ್ತು. ಆಕೆ ಎರಡೂ ಕೈಯಿಂದ ಅದನ್ನು ತಡೆದಳು. ನಾನು ಪಕ್ಕಕ್ಕೆ ಜರುಗಿದೆ. ಆಕೆಗೆ ಜರುಗಲಾಗಲಿಲ್ಲ, ಕದ ಆಕೆಯ ಮೇಲೆ ಬಿತ್ತು.

ಬಾಗಿಲು ತಾನಾಗಿಯೇ ಬಿತ್ತೆಂದು ಬರೆಸಿದ್ದು ಎರಡನೆಯ ಸುಳ್ಳು.

ಪ್ರಭಾಳ ಬಲತೊಡೆಯ ಮೂಳೆ ಮುರಿದಿದೆ. ಬಲಗೈಯ ಮೂರು ಬೆರಳು ಮಡಚುತ್ತಿಲ್ಲ. ಮುಂದೆಯೂ ಮಡಚಲಾರವೆಂದು ಡಾಕ್ಟರು ಹೇಳಿದ್ದಾರೆ.

ಇಂದು ಬೆಳಿಗ್ಗೆ 9.30ಕ್ಕೆ ಆಸ್ಪತ್ರೆಯಲ್ಲಿ ಆಕೆಗೆ ಎಚ್ಚರವಾಯಿತು. ಮೊದಲು ಕೇಳಿದ್ದು, "ಇವತ್ತ ಶನಿವಾರ. ಹನುಮಂತ ಹಳಿ ತಂದನೇನ್ರಿ?" ಎಂದು. ಅವನು ಠಾಣೆಯಲ್ಲಿದ್ದಾನೆಂದು ಹೇಳಿದೆ. "ಅಂವಾ ಏನ್ ಮಾಡ್ಯಾನ? ನೀವೇನ್ ಬರಸೀರಿ?" ಎಂದಳು. ಬರೆಸಿದ್ದನ್ನು ಹೇಳಿದೆ. ಆಕೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದಳು. ಸ್ವಲ್ಪ ಹೊತ್ತಿಗೆ ಎಡಗೈಯಿಂದ ನೀರಿನ ಲೋಟ ಎತ್ತಲು ನೋಡಿದಳು. ಹಿಡಿಯಲು ಹೋದೆ, ಬಿಡಲಿಲ್ಲ. ನೀರು ಹಾಸಿಗೆಯ ಮೇಲೆ ಚೆಲ್ಲಿತು.

ಹನುಮಂತನನ್ನು ಈಗಲೇ ಬಿಡಬೇಕು. ಆಗಬೇಕಾದ ಕ್ರಮ ನನ್ನ ಮೇಲೆ ಆಗಲಿ.

ಹಗ್ಗವನ್ನು ಇದರೊಂದಿಗೆ ಒಪ್ಪಿಸುತ್ತಿದ್ದೇನೆ. ಒಂಬತ್ತು ಅಡಿ ಇದೆ. ನಿನ್ನೆ ದೂರು ಬರೆಸಿದಷ್ಟು ಹೊತ್ತೂ ಇದು ನನ್ನ ಪ್ಯಾಂಟಿನ ಎಡಜೇಬಿನಲ್ಲಿತ್ತು. ಎಲ್ಲಿಯೂ ಹರಿದಿಲ್ಲ, ಸಡಿಲವಾಗಿಯೂ ಇರಲಿಲ್ಲ. ಗಂಟು ಬಿಚ್ಚಲು ನನಗೆ ನಾಲ್ಕು ನಿಮಿಷ ಹಿಡಿಯಿತು. ಗಡಿಯಾರ ಎದುರಿಗೇ ಇತ್ತು.

ಮೇಲಿನದನ್ನು ಎರಡು ಸಲ ಓದಿ ನೋಡಿದ್ದೇನೆ. ನಡೆದದ್ದು ಇಷ್ಟೇ, ಹೀಗೆಯೇ. ಯಾರೂ ಹೇಳಿ ಬರೆಸಿದ್ದಲ್ಲ. ಮರಾಠಿ ಅನುವಾದವನ್ನು ಹನುಮಂತನ ಎದುರಿಗೆ ಓದಬೇಕೆಂದು ವಿನಂತಿ.

ಸ್ಥಳ: ನಾಗಪುರ
ದಿನಾಂಕ: 7-6-2003, ಮಧ್ಯಾಹ್ನ 12.20

(ಸಹಿ)
ವೇ. ಶಾ. ಇನಾಮದಾರ