ನೋವೇ ಆಗಲ್ಲ ಪುಟ್ಟಿ

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ನರ್ಸಿಂಗ್ ಓದುವ ಹುಡುಗಿಯೊಬ್ಬಳು ಚಿಕ್ಕಮ್ಮನ ಜೊತೆ ಕೂತಿದ್ದಳು.

“ನಾಳೆಯಿಂದ ನಾನು ಕಾಲೇಜಿಗೆ ಹೋಗಲ್ಲ ಚಿಕ್ಕಮ್ಮ.”

“ಯಾಕೇ? ಇವತ್ತು ಲಸಿಕೆ ಚುಚ್ಚಿದ್ದು ಶಾಲೆ ಮಕ್ಕಳಿಗೋ, ನಿನಗೋ?”

“ನೋವೇ ಆಗಲ್ಲ ಪುಟ್ಟಿ ಅಂತ ಹೇಳಿ ಮೊದಲನೆಯವಳಿಗೆ ಚುಚ್ಚಿದೆ. ಸುಳ್ಳುಬುರುಕಿ ಅಂತ ಕಿರುಚಿದ್ಲು. ಸಾಲಲ್ಲಿದ್ದವರೆಲ್ಲ ಅಳೋಕೆ ಶುರುಮಾಡಿದ್ರು.”

“ಆಮೇಲೆ?”

“ಮುಂದಿನವಳಿಗೆ ನಿಜ ಹೇಳಿದೆ. ನೋಯುತ್ತೆ, ಮೂರು ಎಣಿಸೋಷ್ಟು ಹೊತ್ತು ಅಂತ.”

“ಅತ್ತಳಾ?”

“ಇಲ್ಲ, ಜೋರಾಗಿ ಎಣಿಸಿದ್ಲು.”

“ಮತ್ತೇನೇ ನಿನ್ನ ಗೋಳು?”

“ಮೊದಲನೆಯವಳು ಹೋಗುವಾಗಲೂ ನನ್ನ ಮುಖ ನೋಡ್ಲಿಲ್ಲ.”

“ಅವಳಿಗೆ ಇನ್ನೊಂದು ಡೋಸ್ ಇದೆಯಾ?”

“ಇದೆ, ಆರು ತಿಂಗಳಿಗೆ.”

“ಆಗ ಬೇರೆ ಯಾರೋ ಬಂದು ಮತ್ತೆ ಅದೇ ಸುಳ್ಳು ಹೇಳಲಿ, ಅಲ್ವಾ?”

ಸ್ಟಾಪ್ ಬಂತು. ಇಬ್ಬರೂ ಎದ್ದರು.

“ಬೆಳಿಗ್ಗೆ ಆರಕ್ಕೆ ಎಬ್ಬಿಸ್ತೀಯಾ?” ಎಂದು ಹುಡುಗಿ ಕೇಳಿದಳು.

“ಐದೂವರೆಗೇ ಎಬ್ಬಿಸ್ತೀನಿ. ನಿನ್ನ ಹೊರಳಾಟ ನನಗೆ ಗೊತ್ತಿಲ್ವಾ?” ಎನ್ನುತ್ತಾ ಚಿಕ್ಕಮ್ಮ ಇಳಿದರು.